ಜಂಬದ ಚೀಲ ಅವರಿಗೇ ಇರಲಿ

ಹೆಂಗಸರ ಕೈಚೀಲಕ್ಕೆ ಕನ್ನಡದಲ್ಲಿ ಯಾವನೋ ಪುಣ್ಯಾತ್ಮ ‘ಜಂಬದ ಚೀಲ’ ಎಂದು ಹೆಸರಿಟ್ಟ. ಗಂಡಸು ಹಿಡಿದರೆ ಅದು ಬ್ರೀಫ್‌ಕೇಸು, ಹೆಂಗಸು ಹಿಡಿದರೆ ಜಂಬ! ನನ್ನ ಅಮ್ಮನ ಜಂಬದ ಚೀಲದಲ್ಲಿ ಇರುತ್ತಿದ್ದದ್ದು ತಮ್ಮನ ಕೆಮ್ಮಿನ ಔಷಧಿ, ರೇಷನ್ ಕಾರ್ಡು, ಕೊಡೆಯ ಮುರಿದ ಹಿಡಿ, ಒಂದು ಪೊಟ್ಟಣ ಅಕ್ಷತೆ ಮತ್ತು ಬಸ್ಸಿನ ಚಿಲ್ಲರೆ. ಇದರಲ್ಲಿ ಜಂಬ ಎಲ್ಲಿತ್ತೆಂದು ನನಗಂತೂ ಕಾಣಲಿಲ್ಲ. ಹೋಗಲಿ, ತಮಾಷೆಗೆ ಇಟ್ಟ ಹೆಸರು, ನಕ್ಕು ಬಿಡಬಹುದು. ಆದರೆ ಚೀಲ ತಯಾರಿಸುವವರೂ ಮಾರುವವರೂ ಆ ತಮಾಷೆಯನ್ನು ನಿಜವೆಂದೇ ನಂಬಿಬಿಟ್ಟಿದ್ದಾರಲ್ಲ, ನನ್ನ ತಕರಾರು ಇರುವುದು ಅಲ್ಲಿ.

ನಾನು ಫೋಟೋ ತೆಗೆಯುವವಳು. ಹವ್ಯಾಸಕ್ಕಲ್ಲ, ಹೊಟ್ಟೆಪಾಡಿಗೆ. ಸೀಮಂತ, ನಾಮಕರಣ, ಮದುಮಗಳಿಗೆ ಅರಿಶಿನ ಹಚ್ಚುವುದು, ಇಂಥ ಹೆಂಗಸರೇ ತುಂಬಿರುವ ಕೋಣೆಗಳಿಗೆ ನನ್ನನ್ನು ಕರೆಯುತ್ತಾರೆ. ಮದುವೆಯ ದಿನಗಳಲ್ಲಿ ಬೆಳಗಿನ ಐದು ಗಂಟೆಗೆ ಮನೆ ಬಿಟ್ಟರೆ ಊಟದ ಎಲೆ ಎತ್ತುವವರೆಗೂ ಭುಜದ ಮೇಲೆ ಚೀಲ ಇದ್ದದ್ದೇ. ಕ್ಯಾಮೆರಾ ಮುಕ್ಕಾಲು ಕಿಲೋ, ದೂರದ್ದನ್ನು ಹತ್ತಿರ ತರುವ ದಪ್ಪ ಲೆನ್ಸು ಸುಮಾರು ಒಂದೂವರೆ ಕಿಲೋ, ಇನ್ನೊಂದು ಚಿಕ್ಕ ಲೆನ್ಸು, ಫ್ಲ್ಯಾಶು, ಬ್ಯಾಟರಿಗಳು, ನೀರಿನ ಬಾಟಲಿ. ಎಲ್ಲ ಸೇರಿದರೆ ನಾಲ್ಕು ಕಿಲೋ ದಾಟುತ್ತದೆ. ನಾಲ್ಕು ಕಿಲೋ ಹೆಂಗಸಿಗೆ ಭಾರವೇ ಎಂದು ಕೇಳುವವರು ಒಂದು ತುಂಬಿದ ಕೊಡವನ್ನು ತೂಗಿ ನೋಡಲಿ.

ಚೀಲ ಕೊಳ್ಳಲು ಬೆಂಗಳೂರಿನ ಒಂದು ದೊಡ್ಡ ಅಂಗಡಿಗೆ ಹೋಗಿದ್ದೆವು. ಹೆಸರು ಬೇಡ. ಜೊತೆಗೆ ನನ್ನ ತಮ್ಮ ಇದ್ದ, ಕ್ಯಾಮೆರಾದ ಯಾವ ಗುಂಡಿ ಒತ್ತಿದರೆ ಏನಾಗುತ್ತದೆಂದೂ ಅವನಿಗೆ ಗೊತ್ತಿಲ್ಲ. ಅಂಗಡಿಯ ಹುಡುಗ ಮಾತಾಡಿದ್ದೆಲ್ಲ ಅವನ ಜೊತೆ. “ಸಾರ್, ಮೇಡಮ್‌ಗೆ ಈ ಪಿಂಕ್ ಪೀಸು ನೋಡಿ, ತುಂಬಾ ಲೈಟು, ಲೇಡೀಸ್ ಮಾಡೆಲ್ಲು.” ಅದರ ಪಟ್ಟಿ ನನ್ನ ಹೆಬ್ಬೆರಳಿನಷ್ಟು ಅಗಲ. ಪಟ್ಟಿ ಸೇರುವಲ್ಲಿ ಬಂಗಾರದ ಬಣ್ಣದ ಒಂದು ಕೊಂಡಿ, ಪ್ಲಾಸ್ಟಿಕ್ಕಿನದು. ಲೆನ್ಸು ಇಟ್ಟರೆ ಮುಚ್ಚಳ ಮುಚ್ಚುವುದಿಲ್ಲ. “ಕ್ಯಾಮೆರಾ ನಂದಪ್ಪಾ, ಭುಜಾನೂ ನಂದು, ದುಡ್ಡೂ ನಂದೇ. ನನ್ನ ಹತ್ರ ಮಾತಾಡು,” ಎಂದೆ. ಅವನು ಪಾಪ, ಒಳಗೆ ಹೋಗಿ ‘ಜೆಂಟ್ಸ್’ ಚೀಲ ತಂದ. ಎದೆಯ ಮೇಲೆ ದೊಡ್ಡಕ್ಷರದಲ್ಲಿ ಕಂಪನಿಯ ಹೆಸರು ಹೊತ್ತ, ಕರೀ ನೈಲಾನಿನ, ಸ್ಪಂಜು ತುಂಬಿದ ಪೆಟ್ಟಿಗೆ. ದೂರದಿಂದಲೇ “ಬನ್ನಿ, ನನ್ನೊಳಗೆ ಲಕ್ಷ ರೂಪಾಯಿಯ ಮಾಲಿದೆ” ಎಂದು ಡಂಗುರ ಹೊಡೆಯುವಂಥದು. ರಾತ್ರಿ ಹತ್ತು ಗಂಟೆಗೆ ಒಬ್ಬಳೇ ಬಸ್‌ಸ್ಟ್ಯಾಂಡಿನಲ್ಲಿ ನಿಲ್ಲುವವಳಿಗೆ ಇಂಥ ಡಂಗುರ ಬೇಕೆ?

ಅಂದರೆ ಅಂಗಡಿಯ ಪ್ರಕಾರ ಜಗತ್ತಿನಲ್ಲಿ ಎರಡೇ ಜಾತಿ. ಭಾರ ಹೊರದ ಹೆಂಗಸರು, ಸೀರೆ ಉಡದ ಕೆಲಸಗಾರರು. ಸೀರೆ ಉಟ್ಟು ಕೆಲಸ ಮಾಡುವವಳು ಅವರ ಲೆಕ್ಕದಲ್ಲೇ ಇಲ್ಲ.

ಇಲ್ಲದೆ ಏನು? ಕನ್ನಡದಲ್ಲಿ ಚೀಲದಿಂದಲೇ ಹೆಸರು ಪಡೆದ ಹೆಂಗಸೊಬ್ಬಳಿದ್ದಾಳೆ. ಸಂಚಿಯ ಹೊನ್ನಮ್ಮ. ಚಿಕ್ಕದೇವರಾಜ ಒಡೆಯರ ಕಾಲದಲ್ಲಿ, ಅಂದರೆ 17ನೇ ಶತಮಾನದಲ್ಲಿ, ಮೈಸೂರರಮನೆಯ ರಾಣಿವಾಸದಲ್ಲಿ ಎಲೆ ಅಡಿಕೆಯ ಸಂಚಿ ಹಿಡಿಯುವ ಊಳಿಗದವಳು. ‘ಹದಿಬದೆಯ ಧರ್ಮ’ ಬರೆದ ಕವಯಿತ್ರಿಯನ್ನು ಇಂದಿಗೂ ನಾವು ಗುರುತಿಸುವುದು ಅವಳ ಕೆಲಸದ ಚೀಲದಿಂದ. ಅದನ್ನು ಜಂಬ ಎಂದು ಯಾರೂ ಅನ್ನಲಿಲ್ಲ.

ಇನ್ನು ನನ್ನ ಕಸುಬಿಗೇ ಬಂದರೆ, ಹೋಮಾಯಿ ವ್ಯಾರಾವಾಲಾ. 1913ರಲ್ಲಿ ನವಸಾರಿಯಲ್ಲಿ ಹುಟ್ಟಿದವರು, ಭಾರತದ ಮೊದಲ ಪತ್ರಿಕಾ ಛಾಯಾಗ್ರಾಹಕಿ. ದೆಹಲಿಯಲ್ಲಿ ಸೀರೆಯುಟ್ಟು, ಸೈಕಲ್ಲು ತುಳಿದುಕೊಂಡು, ಕ್ಯಾಮೆರಾ ಸಾಮಾನು ಹೊತ್ತು ಕೆಲಸಕ್ಕೆ ಹೋಗುತ್ತಿದ್ದರು. ಅವರ ಕಾಲದ ಸ್ಪೀಡ್ ಗ್ರಾಫಿಕ್ ಕ್ಯಾಮೆರಾ ಇಂದಿನದರಂತೆ ಅಂಗೈಯಲ್ಲಿ ಕೂರುವ ವಸ್ತುವಲ್ಲ, ಫ್ಲ್ಯಾಶ್ ಬಲ್ಬುಗಳನ್ನು ಬೇರೆ ಒಯ್ಯಬೇಕು. ಹಾಗೆ ಹೊತ್ತು ಅವರು ನೆಹರೂ, ಗಾಂಧೀಜಿ, ಮೌಂಟ್‌ಬ್ಯಾಟನ್ ಎಲ್ಲರನ್ನೂ ಹಿಡಿದಿಟ್ಟರು. 1970ರಲ್ಲಿ ಕ್ಯಾಮೆರಾ ಕೆಳಗಿಟ್ಟರು. 2011ರಲ್ಲಿ ಪದ್ಮವಿಭೂಷಣ ಬಂತು, ಮರುವರ್ಷ ಜನವರಿಯಲ್ಲಿ ತೀರಿಕೊಂಡರು. ಸೀರೆಗೂ ಕ್ಯಾಮೆರಾಕ್ಕೂ ಆಗಿಬರುವುದಿಲ್ಲ ಎನ್ನುವವರಿಗೆ ನಾನು ಈ ಹೆಸರೊಂದನ್ನು ಹೇಳಿ ಸುಮ್ಮನಾಗುತ್ತೇನೆ.

ಗಂಡಸರಾದರೂ ಕಂಪನಿ ಕೊಟ್ಟದ್ದನ್ನು ಕಣ್ಮುಚ್ಚಿ ತೆಗೆದುಕೊಂಡರೇ? ಇಲ್ಲ. ಅಮೆರಿಕದ ಫಿಲಡೆಲ್ಫಿಯಾದ ಪತ್ರಿಕೆಯೊಂದರಲ್ಲಿ ಛಾಯಾಗ್ರಾಹಕನಾಗಿದ್ದ ಜಿಮ್ ಡಾಮ್ಕೆ 1970ರ ದಶಕದಲ್ಲಿ ಗಟ್ಟಿ ಪೆಟ್ಟಿಗೆಯಂಥ ಚೀಲಗಳಿಂದ ಬೇಸತ್ತು ತನಗೆ ಬೇಕಾದಂಥ ಮೆತ್ತನೆಯ ಕ್ಯಾನ್ವಾಸ್ ಚೀಲವನ್ನು ತಾನೇ ರೂಪಿಸಿಕೊಂಡ. ಅದನ್ನು ನೋಡಿ ಸಹೋದ್ಯೋಗಿಗಳೂ ಕೇಳಿದರು, ಕೊನೆಗೆ ಅದೇ ವ್ಯಾಪಾರವಾಯಿತು. ಇಂಗ್ಲೆಂಡಿನ ಬಿಲ್ಲಿಂಗ್‌ಹ್ಯಾಮ್ ಎಂಬುವರು ಹೊಲಿಯುತ್ತಿದ್ದದ್ದು ಮೀನು ಹಿಡಿಯುವವರ ಚೀಲ. ಅದನ್ನು ಫೋಟೋದವರು ಕೊಂಡುಹೋಗಿ ಕ್ಯಾಮೆರಾ ತುಂಬುತ್ತಿದ್ದಾರೆಂದು ತಿಳಿದ ಮೇಲೆ ಕ್ಯಾಮೆರಾ ಚೀಲಕ್ಕೆ ತಿರುಗಿದರು. ಒಳ್ಳೆಯ ಚೀಲ ಹುಟ್ಟಿದ್ದೇ ಕೆಲಸ ಮಾಡುವವರ ಹಟದಿಂದ. ಆ ಚೀಲಗಳು ಇಂದು ಸಿಕ್ಕುತ್ತವೆ, ಆದರೆ ಬೆಲೆ ಕೇಳಿದರೆ ಇನ್ನೊಂದು ಲೆನ್ಸು ಕೊಳ್ಳಬಹುದಿತ್ತಲ್ಲ ಅನಿಸುತ್ತದೆ.

ಹಾಗಾದರೆ ಹಟ ನಾವೇ ಹಿಡಿಯಬೇಕು. ನಾನು ಹೋದದ್ದು ನಮ್ಮೂರಿನಲ್ಲಿ ಲಾರಿಗೆ ತಾಡಪಾಲು, ಬಸ್ಸಿಗೆ ಸೀಟಿನ ಹೊದಿಕೆ ಹೊಲಿಯುವವರ ಹತ್ತಿರ. ಟೈಲರ್ ಅಂಗಡಿಯ ಮೆಷಿನ್ನಿಗೆ ಈ ಕೆಲಸ ಆಗುವುದಿಲ್ಲ, ನಾಲ್ಕು ಪದರ ಕ್ಯಾನ್ವಾಸಿಗೆ ಸೂಜಿ ಮುರಿಯುತ್ತದೆ.

ಬಟ್ಟೆಯ ಮಾತು. ಕ್ಯಾನ್ವಾಸ್ ಎನ್ನುವ ಶಬ್ದದ ಮೂಲ ಭಂಗಿ ಗಿಡ, ಅದರ ನಾರಿನಿಂದ ಹಡಗಿನ ಪಟ ನೇಯುತ್ತಿದ್ದ ಕಾಲದ್ದು. ದಪ್ಪ ಜಾತಿಗೆ ‘ಡಕ್’ ಎನ್ನುತ್ತಾರೆ. ಬಾತುಕೋಳಿಗೂ ಅದಕ್ಕೂ ಸಂಬಂಧವಿಲ್ಲ, ಬಟ್ಟೆ ಎಂಬ ಅರ್ಥದ ಡಚ್ ಮಾತು ಹೀಗಾಯಿತು. ಈಗ ಹೆಚ್ಚಾಗಿ ಹತ್ತಿಯದೇ. ಕೊಳ್ಳುವಾಗ ಚದರ ಮೀಟರಿಗೆ ಎಷ್ಟು ಗ್ರಾಂ ಎಂದು ಕೇಳಿ. ಡಾಮ್ಕೆಯ ಹಳೆಯ ಚೀಲದ 18 ಔನ್ಸಿನ ಕ್ಯಾನ್ವಾಸು ಈ ಲೆಕ್ಕಕ್ಕೆ ಸುಮಾರು 610 ಗ್ರಾಂ ಆಗುತ್ತದೆ. ತರಕಾರಿ ಚೀಲದ ತೆಳು ಬಟ್ಟೆಯನ್ನು ತೋರಿಸಿ “ಇದೂ ಕ್ಯಾನ್ವಾಸೇ ಅಕ್ಕಾ” ಎಂದರೆ ಎದ್ದು ಬನ್ನಿ. ಬಿಳಿಯ ಕರ್ಚೀಫನ್ನು ಒದ್ದೆ ಮಾಡಿ ಬಟ್ಟೆಗೆ ಉಜ್ಜಿ ನೋಡಿ. ಖಾಕಿಯೋ ಹಸಿರೋ ಕರ್ಚೀಫಿಗೆ ಹತ್ತಿದರೆ ನಾಳೆ ನಿಮ್ಮ ತಿಳಿ ಬಣ್ಣದ ಸೀರೆಗೂ ಹತ್ತುತ್ತದೆ. ಕ್ಯಾಮೆರಾ ಚೀಲದ ಬಗ್ಗೆ ಪುಟಗಟ್ಟಲೆ ಬರೆಯುವ ಮಹಾಶಯರಲ್ಲಿ ಒಬ್ಬರೂ ಈ ಮಾತು ಹೇಳಿದ್ದನ್ನು ನಾನು ಓದಿಲ್ಲ.

ಅವರು ಹೇಳದ ಇನ್ನೊಂದು, ವೆಲ್ಕ್ರೋ. ಅದರ ಮುಳ್ಳು ಜಾರ್ಜೆಟ್ ಸೀರೆಯ ಎಳೆ ಎಳೆಯುತ್ತದೆ, ಜರಿ ಕೀಳುತ್ತದೆ. ಮದುವೆ ಮನೆಯಲ್ಲಿ ತಾಳಿ ಕಟ್ಟುವ ಮುನ್ನಿನ ಆ ಒಂದು ಗಳಿಗೆ ಎಲ್ಲರೂ ಉಸಿರು ಹಿಡಿದಿರುವಾಗ ‘ಪರ್ರ್’ ಎಂದು ಕಿತ್ತರೆ ಪುರೋಹಿತರು ತಿರುಗಿ ನೋಡುತ್ತಾರೆ. ನನ್ನ ಚೀಲಕ್ಕೆ ಹಿತ್ತಾಳೆಯ ಸಣ್ಣ ಕೊಂಡಿ, ತೊಗಲಿನ ಪಟ್ಟಿ.

ಭಾರ ಹೊರುವುದು ಬಟ್ಟೆಯಲ್ಲ, ಭುಜದ ಪಟ್ಟಿ. ಅಂಗಡಿಯಲ್ಲಿ ಯಾವ ಚೀಲ ಕಂಡರೂ ಮೊದಲು ತಲೆಕೆಳಗು ಮಾಡಿ. ಪಟ್ಟಿ ಚೀಲದ ಬಾಯಂಚಿಗೆ ಮಾತ್ರ ಹೊಲಿದಿದ್ದರೆ ಇಡೀ ಭಾರ ಆ ಎರಡಂಗುಲ ಹೊಲಿಗೆಯ ಮೇಲೆ. ಅದೇ ಪಟ್ಟಿ ಚೀಲದ ಪಕ್ಕಗಳಲ್ಲಿ ಇಳಿದು ತಳದ ಕೆಳಗೆ ಹಾದು ಆಚೆ ಮೇಲೆ ಬಂದಿದ್ದರೆ, ಮಗುವನ್ನು ಕೈಯಲ್ಲಿ ಎತ್ತಿಕೊಂಡ ಹಾಗೆ, ಭಾರ ಪಟ್ಟಿಯಲ್ಲೇ ಕೂರುತ್ತದೆ. ಹೊಲಿಗೆ ಒಂದು ಚೌಕ, ಅದರೊಳಗೆ ಅಡ್ಡಡ್ಡ ಎರಡು ಗೆರೆ. ಹೊಲಿಗೆ ತೀರಾ ಒತ್ತೊತ್ತಾಗಿದ್ದರೂ ಕೆಡುಕೇ, ಅಂಚೆಚೀಟಿಯ ಅಂಚಿನ ಹಾಗೆ ಅಲ್ಲೇ ಹರಿಯುತ್ತದೆ. ಪಟ್ಟಿಯ ಅಗಲ ಐದು ಸೆಂಟಿಮೀಟರು. ಸಪೂರ ಪಟ್ಟಿ ಸಂಜೆಗೆ ರವಿಕೆಯ ಮೇಲಿಂದಲೇ ಭುಜಕ್ಕೆ ಬರೆ ಹಾಕಿರುತ್ತದೆ. ರೇಷ್ಮೆಯ ಮೇಲೆ ನೈಲಾನ್ ಪಟ್ಟಿ ಜಾರುತ್ತದೆ, ಹತ್ತಿಯ ಪಟ್ಟಿ ಕಚ್ಚಿ ನಿಲ್ಲುತ್ತದೆ. ಸೆರಗು ಎಡ ಭುಜಕ್ಕೆ, ಚೀಲ ಬಲಕ್ಕೆ, ಇಲ್ಲವಾದರೆ ಪಿನ್ನು ಸಮೇತ ಸೆರಗು ಕಿತ್ತುಬರುತ್ತದೆ. ಚೀಲದ ಬೆನ್ನಿಗೆ, ಸೊಂಟಕ್ಕೆ ಉಜ್ಜುವ ಭಾಗಕ್ಕೆ, ಹಳೆಯ ಮೆತ್ತನೆಯ ಪಂಚೆಯ ಒಂದು ಪದರ ಹೊಲಿಸಿದ್ದೇನೆ.

ಒಳಗೆ ಸ್ಪಂಜು ಬೇಡ, ನೀರು ಕುಡಿದರೆ ಮೂರು ದಿನ ಒಣಗದು. ಯೋಗಾಸನಕ್ಕೆ ಹಾಸುವ ಈವಿಎ ಫೋಮಿನ ಚಾಪೆ ಇರುತ್ತದಲ್ಲ, ಅದು ನೀರು ಹೀರುವುದಿಲ್ಲ. ಮಾಡುತ್ತೇನೆಂದು ಕೊಂಡು ಮೂಲೆಗೆ ನಿಲ್ಲಿಸಿದ ಒಂದಾದರೂ ಎಲ್ಲರ ಮನೆಯಲ್ಲಿ ಇದ್ದೇ ಇರುತ್ತದೆ. ಕತ್ತರಿಸಿ, ಬಟ್ಟೆ ಹೊದಿಸಿ, ಅಡ್ಡಗೋಡೆಗಳಾಗಿ ನಿಲ್ಲಿಸಿದರೆ ಸಾಕು. ಬೇಡವಾದ ದಿನ ತೆಗೆದಿಟ್ಟು ಅದೇ ಚೀಲದಲ್ಲಿ ಸಂತೆಗೂ ಹೋಗಬಹುದು.

“ಮಳೆಗೆ ಕ್ಯಾನ್ವಾಸು ಒದ್ದೆಯಾಗುವುದಿಲ್ಲವೇ?” ಆಗುತ್ತದೆ. ಆಗುಂಬೆಯ ಮಗ್ಗುಲಲ್ಲಿ, ವರ್ಷಕ್ಕೆ 7000 ಮಿಲಿಮೀಟರು ದಾಟಿ ಸುರಿಯುವ ಕಡೆ, ಏನು ತಾನೆ ಒದ್ದೆಯಾಗುವುದಿಲ್ಲ? ಒತ್ತಾಗಿ ನೇಯ್ದ ಹತ್ತಿಯ ನೂಲು ನೀರು ತಾಗಿದಾಗ ಉಬ್ಬಿ ಸಂದುಗಳನ್ನು ತಾನೇ ಮುಚ್ಚಿಕೊಳ್ಳುತ್ತದೆ, ಅದಕ್ಕೇ ಹಿಂದೆ ಡೇರೆಗಳು ಅದರದ್ದು. ಮೇಲೆ ಮೇಣ ತಿಕ್ಕಿದರೆ ಇನ್ನೂ ಒಳ್ಳೆಯದು. ಎರಡು ಪಾಲು ಮೇಣದ ಬತ್ತಿ, ಒಂದು ಪಾಲು ಜೇನುಮೇಣ, ಬಿಸಿನೀರಿನ ಪಾತ್ರೆಯಲ್ಲಿ ಇನ್ನೊಂದು ಪಾತ್ರೆ ಇಟ್ಟು ಕರಗಿಸಿ. ನೇರ ಉರಿಗೆ ಇಟ್ಟೀರಿ, ಬೆಂಕಿ ಹತ್ತುತ್ತದೆ. ಆರಿದ ಗಟ್ಟಿಯನ್ನು ಬಟ್ಟೆಗೆ ತಿಕ್ಕಿ, ಮೇಲೆ ಕಾಗದ ಹಾಸಿ ಇಸ್ತ್ರಿ ಆಡಿಸಿ. ಬೆನ್ನಿನ ಭಾಗಕ್ಕೆ ಮಾತ್ರ ಮೇಣ ಬೇಡ, ರೇಷ್ಮೆ ಸೀರೆಗೆ ಕಲೆಯಾಗುತ್ತದೆ. ಇನ್ನು ಅಂಗಡಿಯವರು ಹೊಗಳುವ ವಾಟರ್‌ಪ್ರೂಫ್ ಚೀಲದ ಕಥೆ. ಅದರ ಒಳಮೈಗೆ ಬಳಿದಿರುವ ಪಾಲಿಯುರೆಥೇನ್ ಲೇಪ ನಮ್ಮ ಥಂಡಿಯಲ್ಲಿ ಕೆಲವು ವರ್ಷಕ್ಕೆ ಅಂಟಂಟಾಗಿ, ಹಪ್ಪಳದಂತೆ ಎದ್ದು ಉದುರುತ್ತದೆ. ಅದಕ್ಕೆ ಮದ್ದಿಲ್ಲ. ಕ್ಯಾನ್ವಾಸಿಗೆ ವರ್ಷಕ್ಕೊಮ್ಮೆ ಮೇಣ ಹಚ್ಚಬಹುದು, ಹರಿದರೆ ತೇಪೆ ಹಾಕಬಹುದು.

ಹಾಗೆಂದು ಕ್ಯಾನ್ವಾಸಿನ ಪರ ಸುಳ್ಳು ವಕಾಲತ್ತು ನಾನು ಮಾಡುವುದಿಲ್ಲ. ಅದು ನೈಲಾನಿಗಿಂತ ತೂಕ. ಒದ್ದೆಯಾದದ್ದನ್ನು ಮಡಿಸಿಟ್ಟರೆ ಬೂಷ್ಟು ಬರುತ್ತದೆ. ಕೊಡಚಾದ್ರಿ ಹತ್ತುವವಳಿಗೆ ಎರಡೂ ಭುಜಕ್ಕೆ ಭಾರ ಹಂಚುವ ಬೆನ್ನುಚೀಲವೇ ಸರಿ. ಆದರೆ ಮಂಟಪದಲ್ಲಿ ಜನ ನೂಕುವಾಗ ಬೆನ್ನುಚೀಲ ಇಳಿಸಿ, ನೆಲದ ಮೇಲಿಟ್ಟು, ಬಾಯಿ ಬಿಚ್ಚುವಷ್ಟರಲ್ಲಿ ಮಾಂಗಲ್ಯಧಾರಣೆ ಮುಗಿದಿರುತ್ತದೆ. ಬಗಲಚೀಲದಲ್ಲಿ ಕಣ್ಣು ಮಂಟಪದ ಮೇಲೆ, ಕೈ ತಾನಾಗಿ ಲೆನ್ಸಿನ ಮೇಲೆ. ಅಂದಹಾಗೆ, ಮಳೆಗಾಲದಲ್ಲಿ ಲೆನ್ಸುಗಳನ್ನು ಯಾವ ಚೀಲದಲ್ಲೂ ಇಡಬೇಡಿ. ಗಾಜಿನ ಮೇಲೆ ಬೂಷ್ಟು ಬೆಳೆದರೆ ಲೇಪವನ್ನೇ ತಿನ್ನುತ್ತದೆ. ಗಾಳಿಯಾಡದ ಡಬ್ಬಿ, ಒಳಗೆ ಸಿಲಿಕಾ ಜೆಲ್. ನೀಲಿ ಹರಳು ಗುಲಾಬಿಯಾದರೆ ಬಿಸಿ ಮಾಡಿ ಒಣಗಿಸಬೇಕು, ಅಡಿಗೆಯ ಪಾತ್ರೆಯಲ್ಲಿ ಖಂಡಿತ ಅಲ್ಲ.

“ಮೊಬೈಲಿನಲ್ಲೇ ಎಲ್ಲ ಆಗುತ್ತಲ್ಲ, ಈ ಹೊರೆ ಯಾಕೆ?” ಎನ್ನುವವರು ಗಂಡಸು ಫೋಟೋಗ್ರಾಫರನನ್ನು ಹಾಗೆ ಕೇಳಿದ್ದನ್ನು ನಾನು ಕಂಡಿಲ್ಲ. ಅವರಿಗೆ ಉತ್ತರವೂ ಇಲ್ಲ.

ನನಗೆ ಬೇಸರವಾಗುವುದು ಗೆಳತಿಯರ ಮಾತಿಗೆ. “ಅಯ್ಯೋ, ಪೋಸ್ಟ್‌ಮ್ಯಾನ್ ಚೀಲದ ಥರ ಇದೆಯಲ್ಲೇ! ಸೀರೆಗೆ ಮ್ಯಾಚೇ ಆಗಲ್ಲ.” ಆಗದಿದ್ದರೆ ಬೇಡ. ಪೋಸ್ಟ್‌ಮ್ಯಾನ್ ಆ ಚೀಲವನ್ನು ಅಂಗಿಗೆ ಮ್ಯಾಚಿಂಗ್ ಎಂದು ಹಾಕಿಕೊಂಡನೇ? ಉತ್ತರ ಪತ್ರಿಕೆಗಳ ಕಟ್ಟು ಹೊತ್ತು ಬರುವ ಮೇಷ್ಟ್ರಮ್ಮನಿಗೆ, ಔಷಧಿ ಮತ್ತು ರಿಜಿಸ್ಟರು ಹೊತ್ತು ಮನೆ ಮನೆ ಸುತ್ತುವ ಆಶಾ ಕಾರ್ಯಕರ್ತೆಗೆ, ವಿಮೆಯ ಕಾಗದ ಹಿಡಿದು ಬಿಸಿಲಲ್ಲಿ ಅಲೆಯುವ ಏಜೆಂಟಳಿಗೆ ಭುಜ ಇರುವುದು ಸೆರಗು ಹಾಕಲು ಮಾತ್ರವೇ? ಅವರ ಚೀಲದ ಪಟ್ಟಿ ಹರಿದಾಗ ಪಿನ್ನು ಹಾಕಿಕೊಂಡು ಸಾಗುತ್ತಾರೆ, ‘ಲೇಡೀಸ್ ಬ್ಯಾಗು ಬಾಳಿಕೆ ಬರಲ್ಲ ಬಿಡಿ’ ಎಂದು ತಾವೇ ಸಮಾಧಾನ ಹೇಳಿಕೊಳ್ಳುತ್ತಾರೆ. ಯಾಕೆ ಬರಬಾರದು? ನಾವು ಕೊಡುವ ದುಡ್ಡು ಅರೆ ಬಾಳಿಕೆಯದೇ?

ನನ್ನ ಚೀಲಕ್ಕೆ ಬಟ್ಟೆ, ಕೊಂಡಿ, ಕೂಲಿ ಎಲ್ಲ ಸೇರಿ 1400 ರೂಪಾಯಿ ಆಯಿತು. ಆರನೇ ಮಳೆಗಾಲ ಇದು. ಹೊಲಿದವರು ಮೊದಲು “ಅಕ್ಕಾ, ಹೆಂಗಸರದ್ದಲ್ವಾ, ಅಂಚಿಗೆ ಸ್ವಲ್ಪ ಕೆಂಪು ಪಟ್ಟಿ ಕೊಡ್ಲಾ?” ಎಂದಿದ್ದರು. “ಬೇಡಣ್ಣ, ಲಾರಿಗೆ ಹೊಲಿಯೋ ಹಾಗೇ ಹೊಲಿ,” ಎಂದೆ. ಆಮೇಲೆ ನನ್ನಿಂದ ಕೇಳಿ ಮೂವರು ಹೋಗಿ ಹೊಲಿಸಿಕೊಂಡರು, ಅವರಲ್ಲಿ ಒಬ್ಬಳು ಕ್ಯಾಮೆರಾ ಮುಟ್ಟಿದವಳೇ ಅಲ್ಲ. ಅಳತೆ ಬೇಕಾದವರಿಗೆ: ಉದ್ದ 36 ಸೆಂಟಿಮೀಟರು, ಎತ್ತರ 24, ಅಗಲ 15, ಮುಚ್ಚಳ ಎರಡೂ ಪಕ್ಕಕ್ಕೆ ಕಿವಿಯ ಹಾಗೆ ಮೂರು ಬೆರಳು ಇಳಿದಿರಲಿ, ಅಡ್ಡಮಳೆ ಒಳಗೆ ಹೊಗದು. ಕೊಳೆಯಾದರೆ ಸೋಪಿನ ಪುಡಿಯಲ್ಲಿ ನೆನೆಸಬೇಡಿ, ಮೇಣವೆಲ್ಲ ಹೋಗುತ್ತದೆ. ತಣ್ಣೀರಿನಲ್ಲಿ ಬ್ರಷ್ಷಿನಿಂದ ಉಜ್ಜಿ, ಬಾಯಿ ಬಿಚ್ಚಿ ನೆರಳಲ್ಲಿ ತೂಗುಹಾಕಿ.