ಕಿಣ್ವ ಇದ್ದರೆ ಸಾಲದು, ಕೆಲಸ ಮಾಡಬೇಕು

ವೈವ್ಯಾಕ್ಸ್ ಮಲೇರಿಯಾ ಬಂದು, 14 ದಿನಗಳ ಪ್ರಿಮಾಕ್ವಿನ್ ಮಾತ್ರೆ ಬರೆದುಕೊಟ್ಟರೆ, ನುಂಗುವ ಮುನ್ನ ನಿಮ್ಮ ವೈದ್ಯರನ್ನು ಒಂದು ಮಾತು ಕೇಳಿ: ಜಿ6ಪಿಡಿ ಪರೀಕ್ಷೆ ಮಾಡಿಸಬೇಕೇ? ಈ ಪ್ರಶ್ನೆಗೆ ಯಾವ ವೈದ್ಯರೂ ಬೇಸರಪಡಬಾರದು.

ವೈವ್ಯಾಕ್ಸ್ ರೋಗಾಣು ಯಕೃತ್ತಿನಲ್ಲಿ ಅಡಗಿದ್ದು, ತಿಂಗಳುಗಳ ನಂತರವೂ ಮತ್ತೆ ಜ್ವರ ತರಬಲ್ಲದು. ಅದನ್ನು ಅಲ್ಲಿಯೇ ಕೊಲ್ಲಲು ಪ್ರಿಮಾಕ್ವಿನ್ ಬೇಕು. ಮಂಗಳೂರಿನವರಿಗೆ ಈ ಮಾತ್ರೆ ಹೊಸದಲ್ಲ. ಆದರೆ ಕೆಲವರಿಗೆ ಇದೇ ಮಾತ್ರೆಯಿಂದ ಕೆಂಪು ರಕ್ತಕಣಗಳು ಒಡೆದು, ಕಾಮಾಲೆ, ರಕ್ತಹೀನತೆ ಉಂಟಾಗುತ್ತದೆ. ಅವರ ರಕ್ತಕಣಗಳಲ್ಲಿ ಗ್ಲೂಕೋಸ್-6-ಫಾಸ್ಫೇಟ್ ಡಿಹೈಡ್ರೋಜಿನೇಸ್ ಎಂಬ ಕಿಣ್ವದ ಕೊರತೆ ಇರುತ್ತದೆ. ಗ್ಲೂಕೋಸನ್ನು ಬಳಸಿಕೊಂಡು ರಕ್ತಕಣಕ್ಕೆ ರಕ್ಷಣೆ ಒದಗಿಸುವುದು ಈ ಕಿಣ್ವದ ಕೆಲಸ. 1956ರಲ್ಲಿ ಅಮೆರಿಕದ ವೈದ್ಯರು ಈ ಕೊರತೆಯನ್ನು ಗುರುತಿಸಿದರು. ಅದಕ್ಕೆ ದಾರಿಯಾದದ್ದು ಜೈಲಿನ ಕೈದಿಗಳ ಮೇಲೆ ನಡೆದ ಔಷಧ ಪ್ರಯೋಗ. (ಆ ಪದ್ಧತಿಯನ್ನು ನಾನಂತೂ ಒಪ್ಪಲಾರೆ.)

ಈಗ ಪರೀಕ್ಷೆಯ ವಿಷಯ. ಹೊಳೆಯುವ ಬಣ್ಣ ಕಟ್ಟಿದ ಪ್ರತಿಕಾಯಗಳ ಬಗ್ಗೆ ನೀವು ಓದಿರಬಹುದು. 1941ರಲ್ಲಿ ಹಾರ್ವರ್ಡ್‌ನ ಆಲ್ಬರ್ಟ್ ಕೂನ್ಸ್ ಆರಂಭಿಸಿದ ಉಪಾಯವಿದು. ಪ್ರತಿಕಾಯ ಹೋಗಿ ಕಿಣ್ವಕ್ಕೇ ಅಂಟಿಕೊಳ್ಳುತ್ತದೆ. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಅದು ಇರುವ ಜಾಗ ಬೆಳಗುತ್ತದೆ. ಸಂಶೋಧಕರಿಗೆ ಇದು ವರದಾನವೇ ಸರಿ. ಆದರೆ ಪ್ರಿಮಾಕ್ವಿನ್ ಕೊಡುವ ಮುನ್ನ ನಮಗೆ ಬೇಕಾದ ಉತ್ತರ ಇದರಿಂದ ಸಿಗುವುದಿಲ್ಲ. ಹಾಜರಿ ಪುಸ್ತಕದಲ್ಲಿ ಸಹಿ ಇದ್ದ ಮಾತ್ರಕ್ಕೆ ಕಚೇರಿಯಲ್ಲಿ ಕೆಲಸ ನಡೆದಿದೆ ಎನ್ನಲಾದೀತೇ? ದೋಷವಿರುವ ಕಿಣ್ವಕ್ಕೂ ಪ್ರತಿಕಾಯ ಅಂಟಬಹುದು.

1966ರಲ್ಲಿ ಅರ್ನೆಸ್ಟ್ ಬ್ಯೂಟ್ಲರ್ ವಿವರಿಸಿದ ಪರೀಕ್ಷೆಯಲ್ಲಿಯೂ ಹೊಳಪು ಉಂಟು, ಆದರೆ ಅದರ ಅರ್ಥ ಬೇರೆ. ರಕ್ತದ ಹನಿಯನ್ನು ರಾಸಾಯನಿಕಗಳೊಡನೆ ಬೆರೆಸಿ, ಸೋಸುಕಾಗದದ ಮೇಲೆ ಹಾಕಿ, ನೇರಳಾತೀತ ದೀಪದ ಕೆಳಗೆ ಹಿಡಿಯುತ್ತಾರೆ. ಕಿಣ್ವ ದುಡಿದಿದ್ದರೆ ಎನ್‌ಎಡಿಪಿಎಚ್ ಎಂಬ ವಸ್ತು ತಯಾರಾಗಿರುತ್ತದೆ, ಹೊಳೆಯುವುದು ಅದು. ಹೊಳಪಿಲ್ಲದಿದ್ದರೆ ಕೊರತೆಯ ಸೂಚನೆ. ಸರಳವಾದ, ಹೆಚ್ಚು ಖರ್ಚಿಲ್ಲದ ಈ ಪರೀಕ್ಷೆಯನ್ನು ಹಳೆಯದೆಂದು ತಳ್ಳಿಹಾಕುವುದು ನನಗೆ ಸರಿಯೆನಿಸುವುದಿಲ್ಲ. ದುಬಾರಿ ಪರೀಕ್ಷೆಯೆಲ್ಲ ಉತ್ತಮ ಪರೀಕ್ಷೆ ಎಂಬ ಭ್ರಮೆ ನಮ್ಮಲ್ಲಿ ಬಹಳ.

ಆದರೂ ಇದರಲ್ಲಿ ಎರಡು ತೊಡಕುಗಳಿವೆ. ರಕ್ತಕಣಗಳು ಈಗಾಗಲೇ ಒಡೆಯುತ್ತಿರುವಾಗ ಪರೀಕ್ಷಿಸಿದರೆ, ಹಳೆಯ ಕಣಗಳು ನಾಶವಾಗಿ, ಹೆಚ್ಚು ಕಿಣ್ವವಿರುವ ಎಳೆಯ ಕಣಗಳೇ ಉಳಿದಿರುವುದರಿಂದ ಎಲ್ಲವೂ ಸರಿಯಿದೆ ಎಂದು ತೋರಬಹುದು. ಸುಮಾರು ಮೂರು ತಿಂಗಳ ಬಳಿಕ ಮತ್ತೊಮ್ಮೆ ಪರೀಕ್ಷಿಸುವುದು ಒಳ್ಳೆಯದು. ಇನ್ನೊಂದು, ಈ ದೋಷ ತಾಯಿಯಿಂದ ಗಂಡುಮಕ್ಕಳಿಗೆ ಬರುತ್ತದೆ. ಅರೆ ಕೊರತೆಯಿರುವ ಹೆಂಗಸರಲ್ಲಿ ಕಾಗದದ ಪರೀಕ್ಷೆ ತಪ್ಪಿಹೋಗಬಹುದು. ಅವರಿಗೆ ಕಿಣ್ವದ ಚಟುವಟಿಕೆಯನ್ನು ಅಂಕಿಯಲ್ಲಿ ಅಳೆಯುವ ಪರೀಕ್ಷೆ ಬೇಕು.

ಕೊರತೆ ಇದೆಯೆಂದು ಗೊತ್ತಾದರೆ ಹೆದರಬೇಡಿ. ವೈದ್ಯರ ನಿಗಾದಲ್ಲಿ ವಾರಕ್ಕೊಮ್ಮೆಯಂತೆ 8 ವಾರ ಪ್ರಿಮಾಕ್ವಿನ್ ಕೊಡುವ ಕ್ರಮವೂ ಇದೆ. ಮಾತ್ರೆ ತೆಗೆದುಕೊಳ್ಳುತ್ತಿರುವಾಗ ಮೂತ್ರ ಕಾಫಿ ಡಿಕಾಕ್ಷನ್‌ನಂತೆ ಕಪ್ಪಾದರೆ ಮಾತ್ರ, ಆ ದಿನವೇ ಮಾತ್ರೆ ನಿಲ್ಲಿಸಿ ಆಸ್ಪತ್ರೆಗೆ ಹೋಗಿ.