ರಾಜಧಾನಿಯಲ್ಲಿ ಶ್ರಾವಕನ ಊಟ: ಹೋಟೆಲಿನ ಪ್ರಶ್ನೆಯೋ, ಬಸದಿಯ ಹೊಣೆಯೋ?

ಬೆಂಗಳೂರಿಗೆ ಹೋದರೆ ಎಲ್ಲಿ ಉಣ್ಣಬೇಕು? ಆಳಂದ, ಅಫಜಲಪುರ, ಜೇವರ್ಗಿ ಭಾಗದ ಜೈನ ಮನೆಗಳಲ್ಲಿ ಪ್ರಯಾಣದ ಗಂಟು ಕಟ್ಟುವಾಗ ಇಂದು ಏಳುವ ಪ್ರಶ್ನೆ ಇದು. ಹಿಂದಿನ ತಲೆಮಾರಿಗೆ ಇದು ಅಷ್ಟಾಗಿ ಕಾಡಿದ್ದಲ್ಲ. ಸೋಲಾಪುರಕ್ಕೋ ಕಲಬುರಗಿಗೋ ಹೋದವನಿಗೆ ಅಲ್ಲಿ ಬಳಗದ ಮನೆಯೊಂದು ಇರುತ್ತಿತ್ತು. ಹೊತ್ತು ಮುಳುಗುವ ಮುನ್ನ ಎಡೆ ಬೀಳುತ್ತಿತ್ತು. ಈಗ ಮಕ್ಕಳ ಓದು, ನೌಕರಿ, ಕಿದ್ವಾಯಿ ಮತ್ತು ನಿಮ್ಹಾನ್ಸ್‌ನಂತಹ ಆಸ್ಪತ್ರೆಗಳ ಚಿಕಿತ್ಸೆ ಇವು ಈ ಮನೆಗಳನ್ನು ಸುಮಾರು 600 ಕಿಲೋಮೀಟರ್ ದೂರದ ರಾಜಧಾನಿಗೆ ಕರೆದೊಯ್ಯುತ್ತಿವೆ. ಅಲ್ಲಿ ಬಳಗವಿಲ್ಲದವನ ಗತಿಯೇನು ಎಂಬುದೇ ವಿಚಾರಾರ್ಹ ಸಂಗತಿ.

ಈ ಪ್ರಶ್ನೆಗೆ ಸಾಮಾನ್ಯವಾಗಿ ದೊರೆಯುವ ಉತ್ತರ ಹೋಟೆಲುಗಳ ಪಟ್ಟಿ. ಬೆಂಗಳೂರು ತಿಂಡಿಪ್ರಿಯರ ನಗರ; ಅದರ ಕೀರ್ತಿ ಸುಳ್ಳಲ್ಲ. 1924ರಲ್ಲಿ ಆರಂಭವಾದ ಮಾವಳ್ಳಿ ಟಿಫಿನ್ ರೂಮ್ಸ್ ಎರಡನೆಯ ಮಹಾಯುದ್ಧ ಕಾಲದ ಅಕ್ಕಿಯ ಅಭಾವದಲ್ಲಿ ರವೆ ಇಡ್ಲಿಯನ್ನು ಬಳಕೆಗೆ ತಂದಿತು. ಗಾಂಧಿಬಜಾರಿನಲ್ಲಿ 1943ರಲ್ಲಿ ಆರಂಭವಾದ ವಿದ್ಯಾರ್ಥಿ ಭವನ ದೋಸೆಗೆ ಹೆಸರಾಯಿತು. ವಿಶ್ವೇಶ್ವರಪುರದ ತಿಂಡಿಬೀದಿ ಸಂಜೆಯಾದೊಡನೆ ತುಂಬಿ ತುಳುಕುತ್ತದೆ. ಶುಚಿ, ರುಚಿ, ಶಾಕಾಹಾರ ಇಷ್ಟೇ ಸಾಕೆನ್ನುವವನಿಗೆ ಅಲ್ಲಿ ಕೊರತೆಯಿಲ್ಲ. ಆದರೆ ಶ್ರಾವಕನಿಗೆ ಶಾಕಾಹಾರವು ಆಹಾರಶುದ್ಧಿಯ ಮೊದಲ ಮೆಟ್ಟಿಲೇ ಹೊರತು ಕೊನೆಯದಲ್ಲ. ಮಸಾಲೆ ದೋಸೆಯ ಒಡಲಲ್ಲಿ ಆಲೂಗಡ್ಡೆ, ಸಾಗುವಿನಲ್ಲಿ ಗಜ್ಜರಿ, ಸಾಂಬಾರಿನಲ್ಲಿ ಈರುಳ್ಳಿ, ಚಟ್ನಿಯಲ್ಲಿ ಹಸಿಶುಂಠಿ. ಮೊಸರುವಡೆಯಲ್ಲಿ ಉದ್ದೂ ಹಸಿ ಮೊಸರೂ ಕೂಡಿದ ದ್ವಿದಳ ದೋಷ. ಇದು ಹೋಟೆಲಿನವರ ತಪ್ಪಲ್ಲ. ಅವರು ಊರಿಗೆಲ್ಲ ಅಡಿಗೆ ಮಾಡುವವರು. ಶ್ರಾವಕನ ವ್ರತವನ್ನು ಕಾಯುವ ಪ್ರತಿಜ್ಞೆ ಅವರದಲ್ಲ.

ಇತ್ತೀಚೆಗೆ ಕೆಲವು ಹೋಟೆಲುಗಳು ಭಕ್ಷ್ಯಗಳ ಪಟ್ಟಿಯಲ್ಲಿ ‘ಜೈನ್’ ಎಂಬ ಗುರುತು ಹಾಕುತ್ತಿವೆ. ಅನೇಕರು ಅದನ್ನು ಕಂಡು ನಿಶ್ಚಿಂತರಾಗುತ್ತಾರೆ. ಆ ಗುರುತಿನ ಅರ್ಥ ಬಹುಮಟ್ಟಿಗೆ ಈರುಳ್ಳಿ ಬೆಳ್ಳುಳ್ಳಿ ಇಲ್ಲ ಎಂಬಷ್ಟೇ. ನೀರನ್ನು ಸೋಸಿದರೇ, ಹಿಟ್ಟು ಎಂದು ಬೀಸಿದ್ದು, ಪಾತ್ರೆ ಯಾವುದು ಎಂದು ಅಲ್ಲಿ ಕೇಳುವವರಿಲ್ಲ. ರಾತ್ರಿ ಒಂಬತ್ತು ಗಂಟೆಗೆ ‘ಜೈನ್’ ಊಟ ಬಡಿಸುವುದರಲ್ಲಿರುವ ವಿರೋಧಾಭಾಸವೂ ಯಾರಿಗೂ ಹೊಳೆಯುವುದಿಲ್ಲ. ಧರ್ಮದ ಹೆಸರು ಭಕ್ಷ್ಯಪಟ್ಟಿಯಲ್ಲಿ ಉಳಿದು ಧರ್ಮದ ಆಚರಣೆ ತಟ್ಟೆಯಿಂದ ಜಾರಿದರೆ ಅದನ್ನು ಪ್ರಗತಿಯೆನ್ನಬೇಕೆ?

ನಿಜವಾದ ತೊಡಕು ಹೊತ್ತಿನದು. ಬೆಂಗಳೂರಿನಲ್ಲಿ ನವೆಂಬರ್ ಕೊನೆಗೆ ಸೂರ್ಯಾಸ್ತ ಸಂಜೆ 5-50ರ ಸುಮಾರಿಗೆ; ಜುಲೈ ಆರಂಭದಲ್ಲಿ 6-50ರ ಸುಮಾರಿಗೆ. ಅಸ್ತಮಾನಕ್ಕೆ ಎರಡು ಘಳಿಗೆ, ಅಂದರೆ 48 ನಿಮಿಷ ಮೊದಲೇ ಕೈ ತೊಳೆಯಬೇಕೆನ್ನುವವನು ಚಳಿಗಾಲದಲ್ಲಿ ಐದು ಗಂಟೆಗೆ ಊಟ ಮುಗಿಸಬೇಕು. ಹೋಟೆಲುಗಳಲ್ಲಿ ಮಧ್ಯಾಹ್ನದ ಊಟ ಮೂರರ ಹೊತ್ತಿಗೆ ಮುಗಿಯುತ್ತದೆ. ರಾತ್ರಿಯ ಊಟ ಏಳರ ಸುಮಾರಿಗೆ ತೊಡಗುತ್ತದೆ. ನಡುವೆ ಇರುವುದು ದೋಸೆ, ವಡೆ, ಕಾಫಿ. ಹೀಗೆ ಶ್ರಾವಕನಿಗೆ ಊಟ ಬೇಕಾದ ಹೊತ್ತಿನಲ್ಲೇ ನಗರದಲ್ಲಿ ಊಟವಿಲ್ಲ. ಎಷ್ಟೇ ಒಳ್ಳೆಯ ಹೋಟೆಲಿನ ವಿಳಾಸ ಕೊಟ್ಟರೂ ಈ ತೊಡಕು ಬಗೆಹರಿಯದು.

“ಪ್ರಯಾಣದಲ್ಲಿ ನಿಯಮವಿಲ್ಲ, ಅದು ಆಪದ್ಧರ್ಮ” ಎಂದು ಸಮಾಧಾನ ಹೇಳುವವರಿದ್ದಾರೆ. ಆಪತ್ತು ಬೇರೆ, ಅನುಕೂಲ ಬೇರೆ. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಫಲ ಅಲ್ಪವಾಗಿ ಹಿಂಸೆ ಅಧಿಕವಾಗುವ ಗಡ್ಡೆಗಳನ್ನು ಭೋಗೋಪಭೋಗ ಪರಿಮಾಣ ವ್ರತದಲ್ಲಿ ತ್ಯಾಜ್ಯವೆಂದರು. ರಾತ್ರಿಭುಕ್ತಿ ವಿರತಿಯನ್ನು ಶ್ರಾವಕನ ಹನ್ನೊಂದು ನೆಲೆಗಳಲ್ಲಿ ಆರನೆಯದಾಗಿ ಇಟ್ಟರು. ಸಂಚಾರವನ್ನು ಕುರಿತು ಅವರು ಹೇಳಿದ ದಿಗ್ವ್ರತ, ದೇಶಾವಕಾಶಿಕಗಳು ಎಲ್ಲೆಯನ್ನು ಬಿಗಿಗೊಳಿಸುವ ವ್ರತಗಳು. ಊರು ಬಿಟ್ಟವನಿಗೆ ನಿಯಮವನ್ನು ಸಡಿಲಿಸುವ ವ್ರತಗಳಲ್ಲ.

ಆದರೆ ಬರೀ ಉಪದೇಶದಿಂದ ಯಾರ ಹೊಟ್ಟೆಯೂ ತುಂಬದು. ರೋಗಿಯ ಹಾಸಿಗೆಯ ಪಕ್ಕದಲ್ಲಿ ದಿನವಿಡೀ ಕುಳಿತ ತಾಯಿಗೆ, ಬಾಡಿಗೆ ಕೋಣೆಯ ವಿದ್ಯಾರ್ಥಿಗೆ ‘ವ್ರತ ಬಿಡಬೇಡ’ ಎಂದಷ್ಟೇ ಹೇಳಿ ಸುಮ್ಮನಾಗುವ ಸಮಾಜ ಅರ್ಧ ಧರ್ಮವನ್ನು ಮಾತ್ರ ಪಾಲಿಸುತ್ತದೆ. ಆಹಾರ, ಅಭಯ, ಭೈಷಜ್ಯ, ಶಾಸ್ತ್ರವೆಂಬ ಚತುರ್ವಿಧ ದಾನಗಳಲ್ಲಿ ಆಹಾರಕ್ಕೆ ಮೊದಲ ಸ್ಥಾನ ವೃಥಾ ಬಂದುದಲ್ಲ. ಕಲಬುರಗಿ ನಾಡಿಗೆ ಈ ಪಾಠ ಹೊಸದೂ ಅಲ್ಲ. ಜೇವರ್ಗಿ ಸೀಮೆಯ ಅರಳಗುಂಡಗಿಯಲ್ಲಿ ಹುಟ್ಟಿದ ಶರಣಬಸವೇಶ್ವರರ ಹೆಸರು ಇಂದಿಗೂ ದಾಸೋಹದೊಂದಿಗೆ ಬೆಸೆದಿದೆ. ಅಫಜಲಪುರ ತಾಲ್ಲೂಕಿನ ಗಾಣಗಾಪುರದಲ್ಲಿ ಮಧುಕರಿ ಬೇಡುವ ಯಾತ್ರಿಕನಿಗೆ ಊರೇ ಅನ್ನ ನೀಡುತ್ತದೆ. ಧರ್ಮಸ್ಥಳದಲ್ಲಿ ಜೈನ ಮನೆತನವಾದ ಹೆಗ್ಗಡೆಯವರು ಜಾತಿ ಮತ ಕೇಳದೆ ನಿತ್ಯವೂ ಸಾವಿರಾರು ಜನರಿಗೆ ಅನ್ನದಾನ ನಡೆಸಿಕೊಂಡು ಬಂದಿದ್ದಾರೆ. ಶ್ವೇತಾಂಬರ ಸಮಾಜವು ತೀರ್ಥಕ್ಷೇತ್ರಗಳಲ್ಲಿ ಭೋಜನಶಾಲೆಯನ್ನು ದೇವಾಲಯದ ಅಂಗವೆಂದೇ ಭಾವಿಸಿದೆ. ಹೀಗಿರುವಾಗ ನಗರದ ಬಸದಿಗೆ ಅಮೃತಶಿಲೆ ಹಾಸಲು ಮುಂದಾಗುವ ಟ್ರಸ್ಟುಗಳು ಅದೇ ಆವರಣದಲ್ಲಿ ಒಲೆ ಹೂಡಲು ಹಿಂಜರಿಯುವುದೇಕೆ?

ಹಣವಿಲ್ಲವೆಂಬ ಮಾತನ್ನು ಲೆಕ್ಕದಲ್ಲಿಯೇ ನೋಡಬಹುದು. ಅಡಿಗೆಯವರ ಸಂಬಳ, ಇಂಧನ ಸೇರಿ ಒಂದು ಊಟಕ್ಕೆ 100 ರೂಪಾಯಿ ಎಂದು ಹಿಡಿದರೆ 50 ಜನರ ಒಂದು ಹೊತ್ತಿನ ಊಟಕ್ಕೆ 5,000 ರೂಪಾಯಿ. ಉಣ್ಣುವವರು ಅರ್ಧ ಕೊಟ್ಟರೆ ಉಳಿಯುವುದು ದಿನಕ್ಕೆ 2,500, ವರ್ಷಕ್ಕೆ 9,12,500. ಮದುವೆಯ ದಿನ, ಹಿರಿಯರ ಪುಣ್ಯತಿಥಿ, ಮಗುವಿನ ಜನ್ಮದಿನ ಎಂದು 365 ಮನೆಗಳು ವರ್ಷಕ್ಕೊಂದು ದಿನ 2,500 ರೂಪಾಯಿಯ ತಿಥಿಯನ್ನು ವಹಿಸಿಕೊಂಡರೆ ಮೂಲಧನಕ್ಕೆ ಕೈ ಹಚ್ಚುವ ಪ್ರಮೇಯವೇ ಇಲ್ಲ. ಕಟ್ಟಡ ಹೊಸದಾಗಿ ಬೇಕಿಲ್ಲ. ಇರುವ ಸಭಾಭವನದ ಅಡಿಗೆಮನೆ ಸಾಕು. ಪದಾರ್ಥಗಳೂ ಸರಳ: ಜೋಳದ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ, 2019ರಲ್ಲಿ ಭೌಗೋಳಿಕ ಸೂಚಿಕೆ ಪಡೆದ ಕಲಬುರಗಿ ತೊಗರಿಯ ಬೇಳೆಸಾರು. ತೊಗರಿ ವ್ಯಾಪಾರದ ಮನೆಗಳು ವರ್ಷಕ್ಕೆ ಒಂದೊಂದು ಚೀಲ ಬೇಳೆ ಕಳಿಸಿದರೂ ಖರ್ಚು ಇನ್ನಷ್ಟು ಇಳಿಯುತ್ತದೆ.

ತರುಣರು ಬರಲಾರರು ಎಂಬ ಆಕ್ಷೇಪವೂ ಉಂಟು. ಎಡೆ ಹಾಕದೆಯೇ ಅತಿಥಿ ಬರಲಿಲ್ಲವೆನ್ನುವುದು ನ್ಯಾಯವಲ್ಲ. ತರಗತಿ ಬಿಡುವುದು ತಡವಾಗುವ ವಿದ್ಯಾರ್ಥಿಗೆ, ಆಸ್ಪತ್ರೆ ಬಿಟ್ಟು ಬರಲಾರದವರಿಗೆ ನಾಲ್ಕು ಗಂಟೆಗೆ ಡಬ್ಬಿ ಕಟ್ಟಿ ಕಳಿಸುವ ವ್ಯವಸ್ಥೆಯೂ ಬೇಕು. ದಿಗಂಬರ, ಶ್ವೇತಾಂಬರ ಎಂಬ ಭೇದ ಇಲ್ಲಿ ಅಡ್ಡ ಬರಬೇಕಾಗಿಲ್ಲ. ಸೂರ್ಯ ಇಬ್ಬರಿಗೂ ಒಂದೇ ಹೊತ್ತಿಗೆ ಮುಳುಗುತ್ತಾನೆ.

ಆದ್ದರಿಂದ ಟ್ರಸ್ಟುಗಳು ತಮ್ಮ ಮುಂದಿನ ಸಭೆಯ ಕಾರ್ಯಸೂಚಿಯಲ್ಲಿ ಹೊಸ ಮಂಟಪದ ವಿಷಯಕ್ಕಿಂತ ಮೊದಲು ಈ ವಿಷಯವನ್ನು ಬರೆದುಕೊಳ್ಳಲಿ. ಆಳಂದ, ಅಫಜಲಪುರ, ಜೇವರ್ಗಿಯ ಮನೆಗಳು ತಮ್ಮ ತಿಥಿಗಳನ್ನು ಗೊತ್ತುಮಾಡಿ ಅವರಿಗೆ ತಿಳಿಸಲಿ. ಮಗನನ್ನು ಓದಲು ಕಳಿಸುವ ತಂದೆ ಕಾಲೇಜಿನ ಶುಲ್ಕವನ್ನು ವಿಚಾರಿಸುವಷ್ಟೇ ಶ್ರದ್ಧೆಯಿಂದ, ಸಂಜೆ ಐದು ಗಂಟೆಗೆ ಅವನಿಗೆ ಅನ್ನ ಎಲ್ಲಿ ಎಂಬುದನ್ನೂ ವಿಚಾರಿಸಲಿ.