ಮೇಣದಲ್ಲಿ ಹಿರಿಯರ ಹಸ್ತ

ಜೇನನ್ನು ಹಿಂಡಿದ ಬಳಿಕ ಉಳಿಯುವುದಾದುದರಿಂದ ಮೇಣಕ್ಕೆ ಸಂಸ್ಕೃತದಲ್ಲಿ ಮಧೂಚ್ಛಿಷ್ಟವೆಂದು ಹೆಸರು. ಹೆಸರಿನಲ್ಲಿ ಎಂಜಲಾದರೂ ಗುಣದಲ್ಲಿ ಅದು ಹಿರಿದು. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು 12ನೆಯ ಶತಮಾನದಲ್ಲಿ ರಚಿಸಿದ ಮಾನಸೋಲ್ಲಾಸದಲ್ಲಿ, ಮೇಣದ ಪ್ರತಿಮೆಗೆ ಮಣ್ಣನ್ನು ಲೇಪಿಸಿ, ಕಾಯಿಸಿ, ಮೇಣವನ್ನು ಹರಿಯಬಿಟ್ಟು, ಆ ಬರಿದಾದ ಎಡೆಯಲ್ಲಿ ಲೋಹವನ್ನೆರೆಯುವ ಕ್ರಮವು ಹೇಳಲ್ಪಟ್ಟಿದೆ. ಅಲ್ಲಿ ಮೇಣವು ತಾನಳಿದು ವಿಗ್ರಹವನ್ನುಳಿಸುತ್ತದೆ. ಮನೆಯವರ ಕೈಗಳ ಅಚ್ಚು ತೆಗೆಯುವ ಇಂದಿನ ಹವ್ಯಾಸದಲ್ಲಿಯಾದರೋ ಮೇಣವೇ ಉಳಿಯತಕ್ಕದ್ದು.

ಅಜ್ಜಿಯೂ ಮೊಮ್ಮಗುವೂ ಒಟ್ಟಿಗಿರುವ ಸಂಸಾರಗಳು ನಮ್ಮ ಗೋವಿಂದರಾಜನಗರದಲ್ಲಿ ಇನ್ನೂ ಉಂಟು. ಅವರ ಹಸ್ತಗಳನ್ನು ಮೇಣದಲ್ಲಿ ಉಳಿಸಿಕೊಳ್ಳಬೇಕೆಂಬ ಆಸೆ ಸಹಜವೇ. ಆದರೆ ಅಂಥವರಿಗೆ ನಾವು ಮೊದಲು ಒಂದು ಎಚ್ಚರಿಕೆಯನ್ನು ಹೇಳಬೇಕಾಗಿದೆ. ಪ್ಲಾಸ್ಟರ್ ಆಫ್ ಪ್ಯಾರಿಸ್ ಗಟ್ಟಿಯಾಗುವಾಗ ಬಿಸಿಯೇರುತ್ತದೆ. ದಪ್ಪನಾಗಿದ್ದರೆ ಆ ಬಿಸಿಯು 60 ಡಿಗ್ರಿ ಸೆಲ್ಸಿಯಸ್ಸನ್ನು ಮುಟ್ಟಬಲ್ಲುದು. 2007ರಲ್ಲಿ ಇಂಗ್ಲೆಂಡಿನ ಲಿಂಕನ್‌ಷೈರ್ ಪ್ರಾಂತದ ಶಾಲೆಯೊಂದರಲ್ಲಿ 16 ವರ್ಷದ ಬಾಲೆಯೊಬ್ಬಳು ಬಕೆಟ್ಟಿನ ಪ್ಲಾಸ್ಟರಿನಲ್ಲಿ ಕೈಗಳನ್ನು ಮುಳುಗಿಸಿ ಹೆಚ್ಚಿನ ಬೆರಳುಗಳನ್ನು ಕಳೆದುಕೊಂಡಳು.

ಜೀವಂತ ಕೈಗೆ ತಕ್ಕುದು ದಂತವೈದ್ಯರು ಬಳಸುವ ಆಲ್ಜಿನೇಟ್. ಕಡಲಪಾಚಿಯಿಂದ ಬಂದ ಈ ಪುಡಿಯನ್ನು ತಣ್ಣೀರಿನಲ್ಲಿ ಕಲಸಿ, ಕೈಯನ್ನು ಅಲುಗದಂತೆ ಹಿಡಿದರೆ, ಕೆಲವೇ ನಿಮಿಷಗಳಲ್ಲಿ ಅದು ಮೆತ್ತಗೆ ಹೆಪ್ಪುಗಟ್ಟುತ್ತದೆ. ಒಣಗಿದರೆ ಕುಗ್ಗುವುದಾದುದರಿಂದ ಮೇಣವನ್ನು ಅಂದೇ ಎರೆಯತಕ್ಕದ್ದು. ಮೇಣವನ್ನು ನೇರವಾಗಿ ಉರಿಯ ಮೇಲಿಡದೆ, ಬಿಸಿನೀರಿನ ಪಾತ್ರೆಯೊಳಗೆ ಇನ್ನೊಂದು ಪಾತ್ರೆಯನ್ನಿಟ್ಟು ಕರಗಿಸಬೇಕು. ಜೇನುಮೇಣವು ಸುಮಾರು 63 ಡಿಗ್ರಿಯಲ್ಲಿ ಕರಗುವುದು; ಅದಕ್ಕಿಂತ ತುಸು ಹೆಚ್ಚಿನ ಬಿಸಿ ಸಾಕು. ಸ್ವಲ್ಪ ಸ್ವಲ್ಪವಾಗಿ ಎರೆದು, ಅಚ್ಚನ್ನು ತಿರುಗಿಸುತ್ತ ಪದರ ಪದರವಾಗಿ ಕಟ್ಟಿದರೆ ಆರುವಾಗ ಗುಳಿ ಬೀಳುವುದು ಕಡಿಮೆ.

ಪೂರ್ತಿಯಾಗಿ ತಣಿದ ಮೇಲೆ ಅಚ್ಚನ್ನು ಮೆಲ್ಲಗೆ ಸೀಳಿ ತೆಗೆಯಬೇಕು. ಗಾಳಿಗುಳ್ಳೆಗಳಿಂದಾದ ಗಂಟುಗಳನ್ನು ಬೆಚ್ಚಗಿನ ಚಾಕುವಿನಿಂದ ಹೆರೆದು, ಹಳ್ಳಗಳಲ್ಲಿ ಕರಗಿದ ಮೇಣದ ಹನಿಯನ್ನು ತುಂಬಿ, ಮೃದುವಾದ ಅರಿವೆಯಿಂದ ಉಜ್ಜಿದರಾಯಿತು. ನಯದ ಮೋಹದಿಂದ ಸುಕ್ಕುಗಳನ್ನೂ ಅಳಿಸುವವರುಂಟು. ಅಜ್ಜಿಯ ಕೈಯಲ್ಲಿ ಸುಕ್ಕೇ ಇಲ್ಲದಿದ್ದರೆ ಮೊಮ್ಮಕ್ಕಳು ಅದನ್ನು ಯಾರ ಕೈಯೆಂದು ಗುರುತಿಸಿಯಾರು?

ಇನ್ನು ರಕ್ಷಣೆಯ ಮಾತು. 2020ರಲ್ಲಿ ಕೊಪ್ಪಳದ ಗೃಹಸ್ಥರೊಬ್ಬರು ಅಗಲಿದ ಪತ್ನಿಯ ಪ್ರತಿಮೆಯನ್ನು ಮಾಡಿಸಿ ಗೃಹಪ್ರವೇಶದ ದಿನ ಕುಳ್ಳಿರಿಸಿದ ಸಂಗತಿ ವಾಚಕರ ನೆನಪಿನಲ್ಲಿರಬಹುದು. ಆ ಊರಿನ ಸೆಕೆಗೆ ಮೇಣವು ತಾಳದೆಂದು ಅದನ್ನು ಸಿಲಿಕೋನಿನಲ್ಲಿ ಮಾಡಿಸಲಾಯಿತು. ಬೆಂಗಳೂರಿನ ಹವೆ ಅಷ್ಟು ಕಠಿನವಲ್ಲವಾದರೂ, ಮೇಣದ ಹಸ್ತವನ್ನು ಗಾಜಿನ ಪೆಟ್ಟಿಗೆಯಲ್ಲಿರಿಸಿ, ಕಿಟಕಿಯ ಬಿಸಿಲಿನಿಂದಲೂ ದೇವರ ದೀಪದಿಂದಲೂ ದೂರವಿಡುವುದು ಮೇಲು.